ಹಿತ್ತಾಳೆ ಮೊಳೆ

ಬೈತಕೋಲದ ಧಕ್ಕೆಯಲ್ಲಿ, ಐಸು ಫ್ಯಾಕ್ಟರಿಯ ಹಿಂದೆ,
ಕರಿಕಲ್ಲಿನಲ್ಲಿ ಹೂತ ಒಂದು ಹಿತ್ತಾಳೆ ಮೊಳೆ.
ತಲೆ ರೂಪಾಯಿಯಷ್ಟಗಲ. ಪಕ್ಕದಲ್ಲಿ ಕೊರೆದ ಬಾಣ, ಇಸವಿ;
ಇಸವಿಯ ಕೊನೆಯ ಅಂಕಿಯನ್ನು ಉಪ್ಪುಗಾಳಿ ತಿಂದಿದೆ.
ಸಮುದ್ರ ಇವತ್ತು ಎಷ್ಟು ಎತ್ತರ ಎಂದು
ಯಾರು ಕೇಳಿದರೂ ಉತ್ತರ ಇಲ್ಲಿಂದಲೇ ಹೊರಡಬೇಕು.
ಹತ್ತೊಂಬತ್ತು ವರ್ಷದಿಂದ ಇದರ ಕಾವಲು ನನ್ನದು:
ಭರತಿ, ಇಳಿತ, ಗಂಟೆ, ನಿಮಿಷ,
ನೀಲಿ ರಿಜಿಸ್ಟರಿನಲ್ಲಿ ನನ್ನ ಸಣ್ಣ ಸಹಿ.

ಒಂದು ಬೆಳಿಗ್ಗೆ ನೋಡಿದರೆ ಮೊಳೆಗೆ ಕುಂಕುಮ.
ಎಣ್ಣೆಯಲ್ಲಿ ಕಲಸಿ ಬೆರಳಿಂದ ಒತ್ತಿದ್ದು,
ಮೇಲೆ ಎರಡು ಅಬ್ಬಲಿಗೆ.
ಕರವಸ್ತ್ರ ತೆಗೆದು ಒರೆಸಿದೆ.
ಮರುದಿನ ಮತ್ತೆ. ಒರೆಸಿದೆ.
ಹೀಗೆ ಎಂಟು ದಿನ, ಒಬ್ಬರನ್ನೊಬ್ಬರು ನೋಡದೆಯೇ
ಜಗಳವಾಡಿದೆವು.

ಒಂಬತ್ತನೆಯ ದಿನ ಅರ್ಧ ಗಂಟೆ ಮುಂಚೆ ಬಂದೆ.
ಮಾಣಕಿ ಹರಿಕಂತ್ರ. ಬುಟ್ಟಿ ಕೆಳಗಿಟ್ಟು ಮಂಡಿಯೂರಿದ್ದಾಳೆ,
ಬೆರಳ ತುಂಬ ಕೆಂಪು, ಹಣೆ ಬರಿದು.
"ಇದು ದೇವರಲ್ಲ, ಅಳತೆಯ ಗುರುತು" ಎಂದೆ,
ಆಫೀಸಿನ ದನಿಯಲ್ಲಿ.
ತಲೆಯೆತ್ತದೆ ಅಂದಳು:
"ಹೋದ ವರ್ಷ ನೀವೇ ಹೇಳಿದ್ರಲ್ರಾ, ಶಾಲೆ ಮಕ್ಳಿಗೆ.
ಉಳಿದದ್ದೆಲ್ಲ ಏರ್ತದೆ, ಇಳೀತದೆ,
ಇದೊಂದು ಅಲ್ಲಾಡೂದಿಲ್ಲ, ಎಲ್ಲ ಇದ್ರಿಂದ್ಲೇ ಲೆಕ್ಕ, ಅಂದ್ರಿ.
ನಾ ಅಲ್ಲೇ ಬಂಗಡೆ ಕೊಯ್ತಿದ್ದೆ. ಕೇಳ್ದೆ.
ಅಲ್ಲಾಡದ್ದಕ್ಕೆ ನಾವು ಬೇರೆ ಎಂತ ಹೆಸ್ರು ಹೇಳೂದು?"

ವಿವರಿಸಲು ಕೂತೆ. ಬಂಡೆಯೂ ಕೂದಲೆಳೆಯಷ್ಟು ಕುಸಿಯುತ್ತದೆ,
ಅದಕ್ಕೇ ಮಳೆಗಾಲ ಮುಗಿದ ಮೇಲೆ ಸರ್ವೆಯವರು ಬಂದು
ಗುಡ್ಡದ ಮೇಲಿನ ಇನ್ನೆರಡು ಮೊಳೆಗೆ ತಾಳೆ ನೋಡುತ್ತಾರೆ;
ಕೋಲು ನಿಲ್ಲಿಸುವುದು ಈ ತಲೆಯ ಮೇಲೆ;
ನಿನ್ನ ಕುಂಕುಮದ ದಪ್ಪ ಎರಡೋ ಮೂರೋ ಮಿಲಿಮೀಟರು,
ಕಡಲು ಒಂದು ವರ್ಷಕ್ಕೆ ಏರುವುದೂ ಹೆಚ್ಚುಕಡಿಮೆ ಅಷ್ಟೇ.
ನೀನು ಒಮ್ಮೆ ಬೆರಳೊತ್ತಿದರೆ
ಒಂದು ವರ್ಷದ ಸಮುದ್ರ ಲೆಕ್ಕದಿಂದ ಮಾಯ.

ಅವಳು ಬೆರಳನ್ನೇ ನೋಡಿಕೊಂಡಳು.
"ಹಾಂಗಾದ್ರೆ ಏರ್ತಾ ಇದೆ ಅನ್ನಿ."
ಹೌದು.
"ನಮ್ಮ ಅಂಗಳದ ತುಳಸಿ ಬುಡಕ್ಕೆ ಉಪ್ಪುನೀರು ಬಂದು
ಮೂರು ವರ್ಷ ಆಯ್ತು. ನಮ್ಮನ್ನ ಯಾರೂ ಕೇಳ್ಲಿಲ್ಲ."

ಆಮೇಲೆ ಅವಳು ಕೇಳಿದ್ದು ಸೊನ್ನೆಯ ಬಗ್ಗೆ.
ಮೊಳೆ ಸೊನ್ನೆಯಿಂದ ಇಷ್ಟು ಮೇಲೆ ಅಂತ್ರಿ,
ಆ ಸೊನ್ನೆ ಎಲ್ಲಿದೆ, ತೋರ್ಸಿ.
ಧಕ್ಕೆಯ ಅಂಚಿಗೆ ಕರೆದೊಯ್ದು ಕೆಳಗೆ ಕೈಮಾಡಿದೆ.
ಡೀಸೆಲ್ಲಿನ ಏಳು ಬಣ್ಣ, ಒಂದು ಹರಿದ ಚಪ್ಪಲಿ, ನೀರು.
ಅಮಾವಾಸ್ಯೆಯ ದೊಡ್ಡ ಇಳಿತಕ್ಕೂ ಅದು ಹೊರಬರುವುದಿಲ್ಲ.
ನೀವು ನೋಡಿದ್ರಾ?
ಇಲ್ಲ.
ಹತ್ತೊಂಬತ್ತು ವರ್ಷ ಅದರಿಂದಲೇ ಎಣಿಸಿದ್ದೇನೆ. ನೋಡಿಲ್ಲ.

ಹೇಳಬಹುದಿತ್ತು: ನೋಡಬೇಕಿಲ್ಲ, ತಪ್ಪಿದರೆ ತಿದ್ದುತ್ತೇವೆ,
ನಮ್ಮಲ್ಲಿ ಅದಕ್ಕೊಂದು ಕಾಲಮ್ಮೇ ಇದೆ.
ನಿಜವಾದ ಮಾತು. ಈಗಲೂ ಕೇಳಿದರೆ ಅದನ್ನೇ ಹೇಳುತ್ತೇನೆ.
ಆದರೆ ಅವಳ ವಾಮನ ಹೋದ ರಾತ್ರಿಯ ಪುಟ ನೆನಪಿತ್ತು:
ದೇವಗಡದ ದೀಪವೂ ಕಾಣದಷ್ಟು ಮಳೆ,
ಯಂತ್ರದ ಲೇಖನಿ ನಿಂತು, ಎರಡೂವರೆಯಿಂದ ಐದರ ತನಕ
ಗೆರೆಯೇ ಇಲ್ಲ. ಷರಾ ಬರೆದವನು ನಾನೇ:
ಮಾಹಿತಿ ಲಭ್ಯವಿಲ್ಲ.
ಅವಳಿಗೂ ಅದಕ್ಕಿಂತ ಹೆಚ್ಚೇನೂ ಸಿಕ್ಕಿಲ್ಲ, ಇಂದಿನವರೆಗೆ.

ಈಗ ಮೊಳೆಯಿಂದ ನಾಲ್ಕು ಬೆರಳು ಆಚೆ
ಬರೀ ಕಲ್ಲಿಗೆ ಹಚ್ಚುತ್ತಾಳೆ. ಒಪ್ಪಂದವೇನೂ ಆಗಿಲ್ಲ.
ನೂಲಹುಣ್ಣಿಮೆಯ ದಿನ ಮಾತ್ರ
ಮರೆತವಳಂತೆ ಮೊಳೆಗೇ ಒತ್ತಿ ಹೋಗುತ್ತಾಳೆ,
ಮರೆತವನಂತೆ ನಾನೂ ಮಧ್ಯಾಹ್ನದವರೆಗೆ ಬಿಡುತ್ತೇನೆ.
ಆಮೇಲೆ ಸೀಮೆಎಣ್ಣೆ, ಕರವಸ್ತ್ರ, ತಲೆ ಹೊಳೆಯುವ ತನಕ.
ಸರ್ವೆಯವರ ಕೋಲು ಬಂದು ನಿಂತಾಗ
ಒಂದು ಕೂದಲೂ ಹೆಚ್ಚಿರಬಾರದು.

ಬಟ್ಟೆಯ ಕೆಂಪು ಸೋಪಿಗೆ ಹೋಗುತ್ತಿಲ್ಲ.
ಹಗ್ಗದ ಮೇಲೆ ಒಣಹಾಕುತ್ತ ಹೆಂಡತಿ ಕೇಳಿದಳು,
"ದೇವಸ್ಥಾನಕ್ಕೆ ಹೋಗುವವರಲ್ಲ ನೀವು. ಇದೆಲ್ಲಿಯದು?"
"ಆಫೀಸಿನದು" ಎಂದೆ.